ತೋರ್ದೊ ಇಟ್ಟ ಮೊಟ್ಟೆ

ಆ ಭಾನುವಾರ ಬೆಳಿಗ್ಗೆ ಅನ್ಸೆಲ್ಮೊ ಹೂವಿನ ಕುಂಡದೊಳಗೆ ಬಗ್ಗಿ ನೋಡದೇ ಇದ್ದಿದ್ದರೆ ಅವನ ಮಾನ ಅವನ ಹತ್ತಿರವೇ ಇರುತ್ತಿತ್ತು. ಕುಂಡದಲ್ಲಿ ಚಿಂಗೋಲೊ ಗುಬ್ಬಿಯ ಗೂಡಿತ್ತು. ಕುರ್ಚಿ ಹೆಣೆದು ಬದುಕುವ ಆ ಬಡಪಾಯಿಗೆ ಗುಬ್ಬಿಯೆಂದರೆ ಪ್ರಾಣ. ಅದನ್ನು ಪುಟ್ಟಿ ಎಂದೇ ಕರೆಯುತ್ತಿದ್ದ. ಇವತ್ತು ಅದರ ಮೊಟ್ಟೆಗಳ ನಡುವೆ ದಪ್ಪನೆಯ ಚುಕ್ಕೆಮೊಟ್ಟೆಯೊಂದು ಕುಳಿತಿತ್ತು. ಗುಬ್ಬಿಯದೇ ಒಂದು ಮೊಟ್ಟೆಗೆ ಕೊಕ್ಕಿನ ತೂತು ಬಿದ್ದಿತ್ತು. ಇದು ತೋರ್ದೊ ಹಕ್ಕಿಯ ಕೆಲಸವೆಂದು ಅವನಿಗೆ ತಕ್ಷಣ ತಿಳಿಯಿತು. ತೋರ್ದೊ ಗೂಡು ಕಟ್ಟುವ ಗೋಜಿಗೇ ಹೋಗುವುದಿಲ್ಲ. ಕಂಡವರ ಗೂಡಿನಲ್ಲಿ ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಮರಿ ತನ್ನ ದುಪ್ಪಟ್ಟು ಬೆಳೆದರೂ ಪೆದ್ದು ಗುಬ್ಬಿ ಅದರ ಬೆನ್ನ ಮೇಲೆ ಹತ್ತಿ ನಿಂತು ಬಾಯಿಗೆ ತುತ್ತಿಡುತ್ತದೆ.

ಗೋಡೆಯಾಚೆ ಪಕ್ಕದ ಮನೆಯ ಎರ್ಸಿಲಿಯಾ ಬಟ್ಟೆ ಒಣಹಾಕುತ್ತಿದ್ದಳು.

"ಯಾಕ್ರೀ ಅನ್ಸೆಲ್ಮೊ, ಮುಖ ಹಂಗಾಗಿದೆ?"

"ಏನ್ ಹೇಳ್ಲಿ. ತೋರ್ದೊ ಕೆಲಸ. ಯಾರೂ ನೋಡ್ದೇ ಇರೋವಾಗ ನುಗ್ಗಿ, ಕೆಲಸ ಮುಗಿಸ್ಕೊಂಡು ಹೋಗಿದ್ದಾಯ್ತು. ನಮ್ಮ ಪುಟ್ಟಿ ಪಾಡು ನೆನೆಸ್ಕೊಂಡ್ರೆ ಹೊಟ್ಟೆ ಉರಿಯತ್ತೆ. ಪಾಪ, ಇನ್ನು ಕೂತು ಮರಿ ಸಾಕಬೇಕು."

ಎರ್ಸಿಲಿಯಾಳ ಕೈಲಿದ್ದ ಒದ್ದೆ ಬಟ್ಟೆ ಮಣ್ಣಿಗೆ ಬಿತ್ತು. ಒಗೆದ ಬಟ್ಟೆಯನ್ನು ಹಾಗೇ ಬಿಟ್ಟು ಅವಳು ಬೀದಿಗಿಳಿದಳು.

ಆ ಊರಿನವರಿಗೆ ಪದದ ಅಕ್ಷರಗಳನ್ನು ಹಿಂದುಮುಂದು ಮಾಡಿ ಆಡುವ ಚಟ. ದೊಕ್ತೋರ್ ಎಂದು ನೆಟ್ಟಗೆ ಹೇಳದೆ ತೋರ್ದೊ ಎನ್ನುತ್ತಾರೆ. ಹಾಗಾಗಿ ಅಲ್ಲಿ ಹಕ್ಕಿಯೂ ತೋರ್ದೊ, ಡಾಕ್ಟರೂ ತೋರ್ದೊ. ಅನ್ಸೆಲ್ಮೊನ ಮಗಳು ಮಿಲಾಗ್ರೊಸ್ ಮೆಚ್ಚಿದ ಲೌತಾರೊ ಈಗಷ್ಟೇ ಓದು ಮುಗಿಸಿ, ಊರಿನಲ್ಲಿ ದವಾಖಾನೆ ತೆರೆಯಲಿದ್ದ ಡಾಕ್ಟರು. ಅಂದು ಮಧ್ಯಾಹ್ನ ಊಟಕ್ಕೆ ಬಂದು ಮದುವೆಯ ದಿನ ಗೊತ್ತುಮಾಡುವವನಿದ್ದ. ಕುರ್ಚಿ ಹೆಣೆಯುವವನ ಮನೆಗೆ ಡಾಕ್ಟರ್ ಅಳಿಯ ಎಂಬ ಹಿಗ್ಗಿನಲ್ಲಿ ಅನ್ಸೆಲ್ಮೊ ವಾರದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಬ್ರೆಡ್ಡಿನಂಗಡಿಗೆ ಹೋದರೆ ಅಂಗಡಿಯಾಕೆ ಕೇಳದೆಯೇ ನಾಲ್ಕು ಸಿಹಿ ಬನ್ನು ಹೆಚ್ಚಿಗೆ ಹಾಕಿದಳು.

"ಇರ್ಲಿ ತಗೊಳ್ಳಿ. ಇನ್ಮೇಲೆ ಹುಡುಗಿ ಇಬ್ಬರ ಪಾಲು ತಿನ್ನಬೇಕಲ್ಲ."

ಬೆಳಿಗ್ಗೆ ಆಡಿದ ಮಾತು ಎಲ್ಲಿಗೆ ಹೋಗಿ ಮುಟ್ಟಿದೆಯೆಂದು ಅನ್ಸೆಲ್ಮೊಗೆ ಆಗ ಹೊಳೆಯಿತು. ಮಾಂಸದಂಗಡಿಗೆ ಹೋದರೆ ಅಂಗಡಿಯ ಓಸ್ವಾಲ್ದೊ ಅವನ ಹೆಗಲ ಮೇಲೆ ಕೈಯಿಟ್ಟ. "ತಲೆ ಕೆಡಿಸ್ಕೋಬೇಡ ಮಾರಾಯ. ಮೊಮ್ಮಗು ಮುಖ ನೋಡಿದ ಮೇಲೆ ಎಲ್ಲ ಮರ್ತುಹೋಗತ್ತೆ."

"ಯಾರ ಮೊಮ್ಮಗುವೋ? ನಾನು ಹೇಳಿದ್ದು ಹಕ್ಕಿ ವಿಷಯ. ಹಕ್ಕಿ ಬಂದು ಇಟ್ಟು ಹೋಯ್ತು ಅಂದೆ."

"ನಮ್ಮ ಕಾಲದಲ್ಲಿ ಮಕ್ಕಳನ್ನ ಕೊಕ್ಕರೆ ತಂದುಕೊಡತ್ತೆ ಅಂತಿದ್ರು. ಈಗ ತೋರ್ದೊಗೆ ವಹಿಸಿದಾರಾ?" ಎಂದು ಓಸ್ವಾಲ್ದೊ ಪಕ್ಕೆಲುಬು ಕತ್ತರಿಸುತ್ತಾ ಕಣ್ಣು ಮಿಟುಕಿಸಿದ.

ಈ ಮಾತು ಹುಡುಗನ ಕಿವಿಗೆ ಬಿದ್ದರೆ? ತನ್ನ ಮೇಲೆ ಇಂಥ ಅಪವಾದ ಹೊರಿಸಿದವರ ಮನೆಗೆ ಅವನೇಕೆ ಅಳಿಯನಾಗಿ ಬರುತ್ತಾನೆ? ಅನ್ಸೆಲ್ಮೊ ಮಾಂಸದ ಪೊಟ್ಟಣವನ್ನು ಎದೆಗವಚಿಕೊಂಡು ಚೌಕಕ್ಕೆ ಓಡಿದ. ಅಲ್ಲಿ ಬೆಂಚುಗಳ ಮೇಲೆ ಮಾತೆ ಎಂಬ ಸೊಪ್ಪಿನ ಚಹಾ ಹೀರುತ್ತಾ ಹರಟುತ್ತಿದ್ದವರೆಲ್ಲ ಅವನತ್ತ ತಿರುಗಿದರು.

"ಎಲ್ಲರೂ ಕೇಳಿಸ್ಕೊಳ್ಳಿ," ಎಂದು ಅವನು ಗಂಟಲು ಹರಿಯುವಂತೆ ಕೂಗಿದ. "ತೋರ್ದೊ ಡಾಕ್ಟರಲ್ಲ. ಅರ್ಥ ಆಯ್ತಾ? ಆ ತೋರ್ದೊ ಡಾಕ್ಟರೇ ಅಲ್ಲ."

ಹಿಂದೆ ಏನೋ ಬಿದ್ದು ಒಡೆದ ಸದ್ದಾಯಿತು. ತಿರುಗಿ ನೋಡಿದರೆ ಲೌತಾರೊ. ಕಾಲ ಬಳಿ ದ್ರಾಕ್ಷಾರಸದ ಬಾಟಲಿ ಚೂರಾಗಿತ್ತು, ಮುಖ ಸುಣ್ಣದಂತಾಗಿತ್ತು.

ಹುಡುಗನನ್ನು ತೋಳು ಹಿಡಿದು ಮನೆಗೆ ಕರೆತಂದದ್ದಾಯಿತು. ಅನ್ಸೆಲ್ಮೊ ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಹುಡುಗನೇ ಕುರ್ಚಿಯ ಮೇಲೆ ಕುಸಿದ.

"ನಿಮಗೆ ಯಾರು ಹೇಳಿದ್ರು? ಒಂದೇ ಒಂದು ಪರೀಕ್ಷೆ ಬಾಕಿ ದೋನ್ ಅನ್ಸೆಲ್ಮೊ. ಪಾಸಾದೆ ಅಂತ ಅಮ್ಮನ ಹತ್ರ ಸುಳ್ಳು ಹೇಳಿದ್ದೆ. ಅಷ್ಟರಲ್ಲಿ ನೀವೆಲ್ಲ ಬೀದೀಲಿ ನಿಲ್ಲಿಸಿ, ಡಾಕ್ಟರಾದ ಅಂತ ಪದ್ಧತಿ ಪ್ರಕಾರ ತಲೆ ಮೇಲೆ ಮೊಟ್ಟೆ ಒಡೆದು ಹಿಟ್ಟು ಸುರಿದ್ರಿ. ಆಮೇಲೆ ನಿಜ ಹೇಳೋಕೆ ಧೈರ್ಯ ಬರ್ಲಿಲ್ಲ. ಮಾರ್ಚಲ್ಲಿ ಮತ್ತೆ ಕೂರ್ತೀನಿ."

ಮಿಲಾಗ್ರೊಸ್ ಅಳತೊಡಗಿದಳು. ಅನ್ಸೆಲ್ಮೊನ ಹೆಂಡತಿ ಡೆಲ್ಫಿನಾ ಗೋಡೆಗೊರಗಿ ನಿಂತಳು. ಅನ್ಸೆಲ್ಮೊಗೆ ಹುಡುಗನ ಮೇಲೆ ಕೋಪವೂ ಬಂತು, ಅಯ್ಯೋ ಎಂದೂ ಅನ್ನಿಸಿತು.

"ನಾನು ಇವನನ್ನೇ ಮದ್ವೆ ಆಗೋದು," ಎಂದಳು ಮಗಳು ಮೂಗೊರೆಸಿಕೊಂಡು. "ಆದ್ರೆ ಊರಿಗೆ ಗೊತ್ತಾಗ್ಬಾರ್ದು ಅಪ್ಪ. ಗೊತ್ತಾದ್ರೆ ಸಾಯೋವರ್ಗೂ ಇವನನ್ನ ಆಡ್ಕೊಂಡು ನಗ್ತಾರೆ."

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಎರ್ಸಿಲಿಯಾ ಒಳಬಂದಳು. ಹಿಂದೆ ಅರ್ಧ ಬೀದಿಯೇ ಇತ್ತು.

"ಡಾಕ್ಟರಲ್ಲ ಅಂತ ಕೂಗಿದ್ರಂತೆ. ಹುಡುಗಿ ಬೇರೆ ಅಳ್ತಿದಾಳೆ. ಏನ್ರೀ ಸಮಾಚಾರ?"

ಅನ್ಸೆಲ್ಮೊ ಮಗಳ ಮುಖ ನೋಡಿದ. ಹುಡುಗನ ಮುಖ ನೋಡಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಮಾನಕ್ಕೆ ಅಂಜಿ ಹಂಗಂದೆ ಎರ್ಸಿಲಿಯಾ. ಬೆಳಿಗ್ಗೆ ನೀವು ತಿಳ್ಕೊಂಡಿದ್ದೇ ನಿಜ. ಇದು ಡಾಕ್ಟರದ್ದೇ ಕೆಲಸ. ಹಕ್ಕಿ ಗಿಕ್ಕಿ ಏನೂ ಇಲ್ಲ."

ಮಿಲಾಗ್ರೊಸ್‌ಳ ಅಳು ಗಕ್ಕನೆ ನಿಂತಿತು. ಎರ್ಸಿಲಿಯಾ ಅವಳನ್ನು ಬಾಚಿ ತಬ್ಬಿಕೊಂಡು, ಹೊಟ್ಟೆ ಸವರಿ, "ಯಾವಾಗ್ರೀ?" ಎಂದು ಕೇಳಿದಳು.

"ಮಾರ್ಚಲ್ಲಿ," ಎಂದ ಅನ್ಸೆಲ್ಮೊ. "ದೇವರ ದಯದಿಂದ ಪಾಸಾದ್ರೆ."