ಸೆಕೆಂಡ್‌ರಾಯರ ಹತ್ತು ನಿಮಿಷ

"ಮೊಟ್ಟೆ ಬೇಯಿಸೋದು ಅಡುಗೆ ಅಲ್ಲ ಕಣೇ, ಬರೀ ಟೈಮಿನ ವಿಷಯ. ಟೈಮಿನ ವಿಷಯದಲ್ಲಿ ನನಗೆ ಪಾಠ ಹೇಳೋರು ಇನ್ನೂ ಹುಟ್ಟಿಲ್ಲ," ಎಂದು ಸೆಕೆಂಡ್‌ರಾಯರು ಭಾನುವಾರ ಬೆಳಿಗ್ಗೆ ಅಂಗಿಯ ತೋಳು ಮಡಚಿ ಹೆಂಡತಿಯ ಮುಂದೆ ಘೋಷಿಸಿದರು.

ರಾಯರದು ಗಡಿಯಾರ ರಿಪೇರಿ ಅಂಗಡಿ. ಗಂಟೆ ಎಷ್ಟು ಎಂದು ಯಾರಾದರೂ ಕೇಳಿದರೆ ಸೆಕೆಂಡಿನ ಸಮೇತ ಹೇಳುತ್ತಾರೆ. ಹಾಗಾಗಿ ಬೀದಿಯವರು ಇಟ್ಟ ಹೆಸರೇ ನಿಂತುಬಿಟ್ಟಿದೆ. ಅಸಲಿ ಹೆಸರು ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿದೆ.

ಈ ಘೋಷಣೆಗೆ ಕಾರಣ ಭಾವಮೈದ. ಹಾಸ್ಟೆಲಿನ ಅಡುಗೆಮನೆಯಲ್ಲಿ ದಿನಕ್ಕೆ ಮುನ್ನೂರು ಮೊಟ್ಟೆ ಬೇಯಿಸುವ ಮಹಾನುಭಾವ ಅವನು. ಹೋದ ತಿಂಗಳು ನೆಂಟರೆಲ್ಲ ಸೇರಿದ್ದಾಗ, "ನಮ್ಮ ಭಾವ ಒಲೆ ಹಚ್ಚೋದಾದ್ರೆ ಫೈರ್ ಎಂಜಿನ್ನಿನವರಿಗೆ ಮೊದಲೇ ಹೇಳಿಡಬೇಕು," ಎಂದಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಹೆಂಡತಿ ಮಾತ್ರ ನಗಲಿಲ್ಲ. "ಅವರು ಮನಸ್ಸು ಮಾಡಿದ್ರೆ ನಿನಗಿಂತ ಚೆನ್ನಾಗಿ ಬೇಯಿಸ್ತಾರೆ ಕಣೋ. ಮುಂದಿನ ಸಲ ಬಾ, ತೋರಿಸ್ತೀನಿ," ಎಂದುಬಿಟ್ಟಿದ್ದಳು. ಆ ಮುಂದಿನ ಸಲ ಇವತ್ತು. ತಮ್ಮ ಮಾನ ಹೋದರೆ ರಾಯರು ಹೇಗೋ ತಡೆದುಕೊಂಡಾರು, ಹೆಂಡತಿಯ ಮಾತು ಮಾತ್ರ ಬೀಳಬಾರದು. ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ಅವಳು ಅವರ ಪರವಾಗಿ ತವರಿನವರ ಎದುರು ಸೆಟೆದು ನಿಂತಿದ್ದು ಅದೇ ಮೊದಲು. ನೆನೆದರೆ ಈಗಲೂ ಎದೆಯುಬ್ಬುತ್ತದೆ.

"ನೀರು ಕುದಿಯೋಕೆ ಶುರುವಾದ ಮೇಲೆ ಹತ್ತು ನಿಮಿಷ, ಅಷ್ಟೇ," ಎಂದು ಹೇಳಿ ಅವಳು ತರಕಾರಿ ತರಲು ಹೋದಳು.

ರಾಯರು ಆರು ಮೊಟ್ಟೆಗಳನ್ನು ನೀರಿಗೆ ಹಾಕಿ ಒಲೆಯ ಮೇಲಿಟ್ಟರು. ನೀರು ಕುದಿಯಿತು. ಹಜಾರಕ್ಕೆ ಬಂದು ಗೋಡೆ ನೋಡಿದರು: ಹನ್ನೊಂದು ಗಂಟೆ ನಾಲ್ಕು ನಿಮಿಷ. ಕುರ್ಚಿಯಲ್ಲಿ ಕೂತು ಪೇಪರ್ ತಿರುವಿ ಮತ್ತೆ ತಲೆ ಎತ್ತಿದಾಗ, ಹತ್ತು ಗಂಟೆ ಐವತ್ತೊಂದು ನಿಮಿಷ.

ಕಾಲ ಹಿಂದಕ್ಕೆ ನಡೆದಿರಲಿಲ್ಲ. ಆ ಗೋಡೆಯ ಮೇಲಿದ್ದದ್ದು ಒಂದಲ್ಲ, ಹನ್ನೊಂದು ಗಡಿಯಾರ. ರಿಪೇರಿಯಾದದ್ದನ್ನು ಗಿರಾಕಿಗೆ ಕೊಡುವ ಮೊದಲು ರಾಯರು ಒಂದು ವಾರ ಮನೆಯ ಗೋಡೆಗೆ ತಗುಲಿಸಿ, ಎಷ್ಟು ಮುಂದೆ ಓಡುತ್ತದೆ, ಎಷ್ಟು ಹಿಂದೆ ಬೀಳುತ್ತದೆ ಎಂದು ಪರೀಕ್ಷಿಸುತ್ತಾರೆ. ವಾರ ಮುಗಿಯುವವರೆಗೆ ಮುಳ್ಳು ಮುಟ್ಟುವಂತಿಲ್ಲ. ಹಾಗಾಗಿ ಹನ್ನೊಂದಕ್ಕೂ ಹನ್ನೊಂದು ಅಭಿಪ್ರಾಯ. ರಾಯರ ಸ್ವಂತ ಕೈಗಡಿಯಾರ ಅಂಗಡಿಯಲ್ಲೇ ಉಳಿದಿತ್ತು. ಮೊದಲು ನೋಡಿದ್ದು ಯಾವುದನ್ನು? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ.

ರಾಯರು ಅದಕ್ಕೆಲ್ಲ ಹೆದರುವ ಆಸಾಮಿಯಲ್ಲ. ಪೆನ್ಸಿಲ್ ತೆಗೆದರು. ದರ್ಜಿಯ ಗಡಿಯಾರ ದಿನಕ್ಕೆ ಎರಡು ನಿಮಿಷ ಮುಂದೆ, ಬೇಕರಿಯವನದು ಐದು ನಿಮಿಷ ಹಿಂದೆ, ಹಲ್ಲಿನ ಡಾಕ್ಟರದು ಮನಸ್ಸು ಬಂದಾಗ ನಿಲ್ಲುತ್ತದೆ. ಒಂದೊಂದನ್ನೇ ಹೊಡೆದುಹಾಕುತ್ತ ಎರಡು ಹಾಳೆ ತುಂಬಿಸಿ, ತಾವು ನೋಡಿದ್ದು ದರ್ಜಿಯ ಗಡಿಯಾರವೇ ಎಂದು ಸಾಧಿಸಿದರು. ಇಂಥ ಲೆಕ್ಕ ಊರಲ್ಲಿ ಇನ್ನೊಬ್ಬ ಮಾಡಲಿ ನೋಡೋಣ ಎಂದು ಬೀಗುತ್ತ, 'ಬಾಕಿ ನಲವತ್ತು ಸೆಕೆಂಡ್' ಎಂದು ಬರೆದು ಅಡಿಗೆರೆ ಎಳೆದರು. ಲೆಕ್ಕ ಮಾಡಲು ಹಿಡಿದ ಅರ್ಧ ಗಂಟೆಯೊಂದನ್ನು ಲೆಕ್ಕಕ್ಕೆ ಸೇರಿಸಿರಲಿಲ್ಲ.

ಅಡುಗೆಮನೆಯಲ್ಲಿ ಢಬ್ ಎಂದಿತು. ಅದೇ ಹೊತ್ತಿಗೆ ಹೆಂಡತಿ ಒಳಗೆ ಬಂದಳು.

"ಏನ್ರೀ ಇದು?"

"ಸ್ವಲ್ಪ ಜಾಸ್ತಿ ಬೆಂದಿದೆ."

"ಹಳದಿ ಭಾಗ ಸೂರಿಗೆ ಅಂಟಿಕೊಂಡಿದೆ."

"ಅದು ಒಂದೇ ಒಂದು ಕಣೇ. ಉಳಿದ ಐದೂ ಪಾತ್ರೆಯಲ್ಲೇ ಇವೆ."

"ಪಾತ್ರೆ ಎಲ್ಲಿದೆ? ನನಗೆ ಬರೀ ಮಸಿ ಕಾಣಿಸ್ತಿದೆ. ಯಾವ ಗಡಿಯಾರ ನೋಡಿದ್ರಿ?"

ರಾಯರು ಎರಡು ಹಾಳೆಗಳನ್ನು ಮುಂದೆ ಹಿಡಿದರು. ಅವಳು ಒಲೆ ಆರಿಸಿ, ಆ ಹಾಳೆಗಳನ್ನೇ ಮುದುರಿ ಮಸಿ ಒರೆಸಿದಳು. ಕಿಟಕಿಗಳನ್ನೆಲ್ಲ ತೆರೆದಳು. ಬೇರೆ ಪಾತ್ರೆಯಲ್ಲಿ ಇನ್ನಾರು ಮೊಟ್ಟೆ ಇಟ್ಟು, ಒಗೆದ ಬಟ್ಟೆಯ ಬಕೆಟ್ಟನ್ನು ರಾಯರ ಕೈಗೆ ಕೊಟ್ಟಳು.

"ನೀರು ಕುದಿ ಬಂದ ತಕ್ಷಣ ಹಿತ್ತಲಲ್ಲಿ ಇವನ್ನ ಒಣಹಾಕೋಕೆ ಶುರು ಮಾಡಿ. ಬಕೆಟ್ ಖಾಲಿಯಾದಾಗ ಒಲೆ ಆರಿಸಿ."

"ಮತ್ತೆ ಹತ್ತು ನಿಮಿಷ ಅಂದೆಯಲ್ಲ?"

"ನಿಮಗೆ ಅರ್ಥ ಆಗ್ಲಿ ಅಂತ ನಿಮ್ಮ ಭಾಷೇಲಿ ಹೇಳ್ದೆ. ಈ ಮನೇಲಿ ಗಡಿಯಾರ ನಂಬಿಕೊಂಡು ಅಡುಗೆ ಮಾಡೋಕಾಗುತ್ತಾ? ಮತ್ತೆ ನೋಡಿ, ನನ್ನ ಹಾಗೆ ಸರಸರ ಹಾಕ್ಬೇಕು. ಅಂಗಿ ಅಂಚು ಸಮ ಮಾಡ್ತಾ ನಿಂತ್ಕೋಬೇಡಿ."

ಒಂದು ಗಂಟೆಗೆ ಭಾವಮೈದ ಬಂದು ಊಟಕ್ಕೆ ಕೂತ. ಮೊಟ್ಟೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದ, ಎರಡು ಹೋಳು ಮಾಡಿದ, ಮೂಸಿದ, ತಿಂದ.

"ಒಪ್ಕೊಂಡೆ ಭಾವ," ಎಂದ. "ಹಳದಿ ಸುತ್ತ ಒಂದು ಗೆರೆಯಷ್ಟೂ ಕಪ್ಪಾಗಿಲ್ಲ. ಇಷ್ಟು ಹದವಾಗಿ ನನಗೇ ಬರಲ್ಲ."

ಹೆಂಡತಿ ತಮ್ಮನ ಕಡೆ ನೋಡಿ, "ಹೇಳಿರ್ಲಿಲ್ವಾ?" ಎಂದಳು. ಆ ದನಿ ಕೇಳಿ ರಾಯರಿಗೆ ಕಣ್ಣು ತುಂಬಿ ಬಂತು. ಇಡೀ ಊರನ್ನೇ ಗೆದ್ದಷ್ಟು ಹೆಮ್ಮೆಯಾಯಿತು.

"ಸರಿಯಾಗಿ ಎಷ್ಟು ಹೊತ್ತು ಬೇಯಿಸಿದ್ರಿ ಭಾವ? ಹಾಸ್ಟೆಲಲ್ಲಿ ಗೋಡೆ ಮೇಲೆ ಬರೆಸಿಬಿಡ್ತೀನಿ."

ರಾಯರು ಗಂಟಲು ಸರಿಮಾಡಿಕೊಂಡರು. ಹತ್ತು ನಿಮಿಷ ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಜೀವಮಾನದಲ್ಲಿ ಒಬ್ಬರಿಗೂ ತಪ್ಪು ಟೈಮ್ ಹೇಳಿದವರಲ್ಲ ಅವರು.

"ಎರಡು ಬೆಡ್‌ಶೀಟು, ಆರು ಅಂಗಿ, ಒಂದು ಟವೆಲು," ಎಂದರು.