ನಾನ್ ನಾನಲ್ಲ

ಅದಕ್ಕೊಂದು ಪದ ಇದೆ. ಕ್ಲೋ... ಕುಲೋ... ಖುಲಾಸೆ? ಅಲ್ಲ, ಖುಲಾಸೆ ಎಂದರೆ ಬಿಡುಗಡೆ. ಇದು ಅದರ ತದ್ವಿರುದ್ಧ ಎಂದು ಮೊಮ್ಮಗಳು ಹತ್ತಾರು ಸಲ ಹೇಳಿದ್ದಾಳೆ. ನಾಲಿಗೆಯ ತುದಿಗೆ ಬಂದು ಕೂರುತ್ತದೆ, ಬಾಯಿ ತೆರೆದರೆ ಹಾರಿಹೋಗುತ್ತದೆ. ಇರಲಿ, ನೆನಪಾದಾಗ ಹೇಳುತ್ತೇನೆ. ನಮ್ಮ ಮನೆಯಲ್ಲಿ ಈಗೀಗ ಪದಗಳೇ ದೆವ್ವಗಳ ಹಾಗೆ ಓಡಾಡುತ್ತವೆ. ಯಾವುದು ಯಾವಾಗ ಯಾರ ಮೈಮೇಲೆ ಬರುತ್ತದೋ ಹೇಳಲಾಗದು.

ನಾನು ಹುಟ್ಟಿದ್ದು ಕೊಳ್ಳೇಗಾಲದ ಕಡೆ. ಮದುವೆಯಾಗಿ ರಾಯಚೂರಿಗೆ ಬಂದವಳು ಇಲ್ಲೇ ಮುದುಕಿಯಾದೆ. ನನ್ನ ಮಾತು ಮಾತ್ರ ಇನ್ನೂ ಅಲ್ಲಿಯದೇ. ನಾನು ಬಾವಿಯ 'ರಾಟೆ' ಎಂದರೆ ಇಲ್ಲಿಯವರು 'ಗಡಗಡಿ' ಎಂದು ತಿದ್ದುತ್ತಾರೆ. ಮಗ, ಸೊಸೆ ಇಬ್ಬರೂ ಮೇಷ್ಟ್ರುಗಳು. ಅವರು ಶಾಲೆಗೆ ಹೋದರೆ ಮನೆಯಲ್ಲಿ ಉಳಿಯುವುದು ನಾನು ಮತ್ತು ಮೊಮ್ಮಗಳು.

ಮೊಮ್ಮಗಳು ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತಿದ್ದಳು. ಅವಳ ಕಂಪನಿ ಮುಚ್ಚಿತು. ಅಂದಿನಿಂದ ಕಲಿತ ವಿದ್ಯೆ ತುಕ್ಕು ಹಿಡಿಯಬಾರದೆಂದು ದಿನವೂ ಬೆಳಗಿನ ಜಾವ ಎದ್ದು ಒಂದು ಒಗಟು ಬಿಡಿಸುತ್ತಾಳೆ, ಆಮೇಲೆ ಆ ಲೋಕದ ಸುದ್ದಿ ಓದುತ್ತಾಳೆ. ಆ ಭಾಷೆಯ ಹೆಸರು ಜಾವಾಸ್ಕ್ರಿಪ್ಟ್. ಜಾವದಲ್ಲಿ ಎದ್ದು ಮಾಡುವುದರಿಂದ ಆ ಹೆಸರು ಬಂದಿದೆ ಎಂದು ನಾನು ಬಹಳ ದಿನ ನಂಬಿದ್ದೆ. ಒಂದೇ ಒಂದು ಸಂದರ್ಶನಕ್ಕೆ ಕರೆ ಬಂದಿತ್ತು. "ಇದೊಂದು ಕೈ ತಪ್ಪಿತಂದ್ರ ಅಜ್ಜಿ, ಈ ವಿದ್ಯಾನ ಬಿಟ್ಟುಬಿಡ್ತೀನಿ" ಎಂದಿದ್ದಳು. ಅವಳು ಹಾಗೆಂದ ದಿನ ಊಟ ಮಾಡಿರಲಿಲ್ಲ.

ಗೋಡೆಯಾಚೆಯ ದನಿ

ನಮ್ಮದೂ ಪಕ್ಕದ ಮನೆಯದೂ ಒಂದೇ ಗೋಡೆ. ಆ ಕಡೆ ಬಳೆ ಅಂಗಡಿಯ ಬೀಬಿ ಇದ್ದಾರೆ. ಒಂದು ಬೆಳಿಗ್ಗೆ ಮುಖ ಬಿಳಿಚಿಕೊಂಡು ಬಂದರು.

"ಅಮ್ಮಾ, ಛೋಕ್ರಿ ಕು ಕುಚ್ ಹುವಾ ಕ್ಯಾ?"

"ಹುಡುಗಿಗೆ ಏನಾಗಬೇಕು? ಯಾಕೆ ಬೀಬಿ?"

"ಕತ್ತಲಿದ್ದಾಗ ಗೋಡಿ ಒಳಗಿಂದ ದನಿ ಬರ್ತದ್ರಿ. 'ನಾನ್ ನಾನಲ್ಲ, ನಾನ್ ನಾನಲ್ಲ' ಅಂತದ. ಮತ್ತ ತಾನ ನಗ್ತದ."

ಅದನ್ನು ನಾನೂ ಕೇಳಿದ್ದೆ. ಕನಸಿರಬೇಕು ಎಂದುಕೊಂಡು ಸುಮ್ಮನಿದ್ದೆ. ಇಬ್ಬರಿಗೂ ಒಂದೇ ಕನಸು ಬೀಳುವುದುಂಟೆ?

ಮೊಮ್ಮಗಳನ್ನೇ ಕೇಳಬಹುದಿತ್ತು. ಆದರೆ ಮೈಮೇಲೆ ಬಂದವರನ್ನು 'ನಿನ್ನ ಮೈಮೇಲೆ ಬಂದಿದೆಯಾ' ಎಂದು ಕೇಳಿದರೆ ಉತ್ತರ ಹೇಳುವುದು ಯಾರು? ಅದಕ್ಕೆ ಬೀಬಿ ದೇವದುರ್ಗದಿಂದ ತಾಯಿತ ಕಟ್ಟುವ ಮುದುಕನೊಬ್ಬನನ್ನು ಕರೆಸಿದರು. ಮರುದಿನ ಬೆಳಗಿನ ಬಸ್ಸಿಗೇ ಆತ ಬಂದ. ನವಿಲುಗರಿ ಹಿಡಿದು, ಮುಚ್ಚಿದ ಕೋಣೆಯ ಬಾಗಿಲ ಮುಂದೆ ಕೂತ. ಒಳಗೆ ಇವಳು ಕಿವಿಗೆ ಹಾಡು ಸಿಕ್ಕಿಸಿಕೊಂಡು ಒಗಟು ಬಿಡಿಸುತ್ತಿದ್ದಾಳೆ, ಬಂದ ಉತ್ತರವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಾಳೆ. ಹೊರಗಿನವರ ಮಾತು ಅವಳಿಗೆ ಕೇಳುವುದಿಲ್ಲ. ಅವಳ ಮಾತು ನಮಗೆಲ್ಲ ಕೇಳುತ್ತದೆ.

ಮುದುಕ ಕೇಳಿದ, "ಯಾರು ನೀ?"

ಒಳಗಿನಿಂದ ಬಂತು, "ನಾನ್."

"ನಾನ್ ಅಂದ್ರ ಯಾರು ಹೇಳಬೇ!"

"ನಾನ್ ನಾನಲ್ಲ."

ಬೀಬಿ ನನ್ನ ಕೈ ಹಿಡಿದುಕೊಂಡರು. ಮುದುಕ ಗರಿ ಬೀಸಿ, "ಎಲ್ಲಿಂದ ಬಂದಿ?" ಎಂದ.

"ಅನ್‌ಡಿಫೈನ್ಡ್."

"ಅದ್ಯಾವ ಊರ್ರಿ?" ಎಂದು ನನ್ನನ್ನು ಕೇಳಿದ. ಮತ್ತೆ ಬಾಗಿಲ ಕಡೆ ತಿರುಗಿ, "ಎಷ್ಟು ಮಂದಿ ಅದೀರಿ ಒಳಗ?" ಎಂದ.

"ಇನ್‌ಫಿನಿಟಿ."

ಬಳೆಗಳನ್ನು ಲೆಕ್ಕ ಹಾಕಿ ಹಾಕಿ ಸಂಖ್ಯೆ ಬಲ್ಲ ಬೀಬಿಗೆ ಅದು ಅರ್ಥವಾಗಲಿಲ್ಲ. ಮಗನ ಪಾಠ ಕೇಳಿ ಕೇಳಿ ನನಗೆ ಗೊತ್ತಿತ್ತು. "ಎಣಿಸಿದರೆ ಮುಗಿಯದಷ್ಟು" ಎಂದೆ.

ಮುದುಕ ಮೆಲ್ಲಗೆ ನವಿಲುಗರಿಯನ್ನು ಚೀಲಕ್ಕೆ ಹಾಕಿದ. "ಯವ್ವಾ, ನಮ್ಮ ಕಡೆ ದೆವ್ವ ಆಗಿದ್ರ ಬೇವಿನ ಸೊಪ್ಪಿಗೇ ಓಡತಿತ್ತು. ಇದು ಓದಿದ ದೆವ್ವ. ಇದಕ್ಕ ನೌಕರಿ ಕೊಡಸ್ರಿ, ತಾನ ಬಿಟ್ಟು ಹೋಗ್ತದ."

ಆಮೇಲೆ ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕು ವಿವರಿಸಿದಳು. ಲೆಕ್ಕ ಮಾಡಲು ಹೋಗಿ ಸಂಖ್ಯೆಯೇ ಬಾರದಿದ್ದಾಗ ಆ ಭಾಷೆ ಕೊಡುವ ಉತ್ತರದ ಹೆಸರು 'ನಾನ್'. ಇನ್ನೂ ಬೆಲೆಯನ್ನೇ ಕೊಡದ ಹೆಸರನ್ನು ಕೇಳಿದರೆ ಬರುವುದು 'ಅನ್‌ಡಿಫೈನ್ಡ್'. ಒಂದು ನಾನ್ ಇನ್ನೊಂದು ನಾನ್‌ಗೆ ಸಮವೇ ಎಂದು ಕೇಳಿದರೆ ಅಲ್ಲ ಎನ್ನುತ್ತದಂತೆ. ತನಗೆ ತಾನೇ ಸಮವಲ್ಲ! ನಾನು ಕನ್ನಡಿ ನೋಡಿಕೊಂಡೆ. ಆ ಭಾಷೆ ಹೇಳುವುದರಲ್ಲಿ ಸುಳ್ಳೇನೂ ಕಾಣಲಿಲ್ಲ.

ಮಾನ್ವಿಯ ಸಾವು

ನನ್ನ ಯಜಮಾನರ ಸ್ನೇಹಿತರೊಬ್ಬರು ಮಾನ್ವಿಯಲ್ಲಿದ್ದಾರೆ. ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಎಲ್ಲರೂ ಅವರನ್ನು ಕರೆಯುವುದೇ 'ಲೈಬ್ರರಿ' ಎಂದು. ಅವರ ನಿಜವಾದ ಹೆಸರು ಅವರ ಹೆಂಡತಿಗೂ ಮರೆತಿತ್ತು ಎಂದು ನಮ್ಮವರು ತಮಾಷೆ ಮಾಡುತ್ತಿದ್ದರು. ಹೆಂಡತಿ ಹೋದ ಮೇಲೆ ಒಬ್ಬರೇ ಇದ್ದಾರೆ.

ಒಂದು ಮುಂಜಾನೆ ಮೊಮ್ಮಗಳು ಸುದ್ದಿ ಓದುತ್ತ ಗೆಳತಿಗೆ ಫೋನಿನಲ್ಲಿ ಹೇಳುತ್ತಿದ್ದಳು: "ಲೈಬ್ರರಿದು ಕತಿ ಮುಗೀತಲೇ. ನಿನ್ನೆ ಸುದ್ದಿ ಬಂತು. ನೋಡ್ಕೊಳ್ಳೋರು ಯಾರೂ ಉಳಿದಿಲ್ಲಂತ."

ಮಾನ್ವಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ತಣ್ಣೀರು ಸುರಿದುಕೊಂಡು, ಬೀಬಿಯನ್ನು ಜೊತೆ ಮಾಡಿಕೊಂಡು ಮಾನ್ವಿ ಬಸ್ ಹತ್ತಿದೆ. ಇಳಿದಾಗ ಮಟಮಟ ಮಧ್ಯಾಹ್ನ. ಬೀದಿಯಲ್ಲಿ ಒಂದು ನಾಯಿಯೂ ಇಲ್ಲ. ಅವರ ಮನೆಯ ಮುಂದೆ ಜನವಿಲ್ಲ, ಅಳುವಿಲ್ಲ. "ಎಲ್ಲಾ ಮುಗಿಸಿಬಿಟ್ಟಾರ್ರಿ" ಎಂದು ಬೀಬಿ ಪಿಸುಗುಟ್ಟಿದರು. ನಾನು ಮುಟ್ಟುವ ಮೊದಲೇ ಬಾಗಿಲು ಕಿರ್ರೆಂದು ತೆರೆಯಿತು. ಬಿಳಿ ಪಂಚೆ ಉಟ್ಟು, ಮೈಗೆಲ್ಲ ವಿಭೂತಿಯಂಥ ಬೆವರುಸಾಲೆ ಪುಡಿ ಹಚ್ಚಿಕೊಂಡು, ತೀರಿಕೊಂಡವರೇ ನಿಂತಿದ್ದರು.

"ಬರ್ರಿ ಬರ್ರಿ! ಭಾಳ ದಿನಕ್ಕ ಬಂದ್ರಿ. ಏನ್ ವಿಶೇಷ?"

ಬೀಬಿ ನನ್ನ ಬೆನ್ನ ಹಿಂದೆ ಸರಿದರು. ನಾನೇ ಉತ್ತರ ಹೇಳಬೇಕಾಯಿತು. "ಏನಿಲ್ಲ... ಮಾತಾಡಿಸಿ ಹೋಗೋಣ ಅಂತ... ನೀವು ತೀರಿಕೊಂಡ್ರಿ ಅಂತ ಸುದ್ದಿ ಬಂತು."

ಅವರು ಗೋಡೆಯ ಮೇಲಿನ ಹೆಂಡತಿಯ ಪಟವನ್ನೊಮ್ಮೆ ನೋಡಿದರು. "ಮೊಬೈಲ್ ಚಾರ್ಜ್ ಇರಲಿಲ್ರಿ. ಅದಕ್ಕ ನನಗ ಯಾರೂ ತಿಳಿಸಿಲ್ಲ" ಎಂದರು.

ಊರಿಗೆ ಮರಳಿದ ಮೇಲೆ ಗೊತ್ತಾಯಿತು. ಬೇರೆಯವರು ಬರೆದಿಟ್ಟ ಕಂಪ್ಯೂಟರ್ ಕೋಡಿನ ಗಂಟಿಗೂ ಲೈಬ್ರರಿ ಎನ್ನುತ್ತಾರಂತೆ. ಸತ್ತದ್ದು ಅದು. ಮೊಮ್ಮಗಳು ಅದಕ್ಕಾಗಿ ನಿಜವಾಗಿಯೂ ದುಃಖದಲ್ಲಿದ್ದಳು. ನನ್ನ ತಣ್ಣೀರು ಸ್ನಾನ ದಂಡವಾಗಲಿಲ್ಲ.

ಕರೆದರೆ ಬರುವವಳು

ಸಂದರ್ಶನದ ದಿನ ಬಂತು. ಅದೂ ನಡುಮಧ್ಯಾಹ್ನವೇ. ನಮ್ಮ ಊರಿನ ಆ ಹೊತ್ತು ಗೊತ್ತಲ್ಲ, ಗುಡ್ಡದ ಕಲ್ಲುಗಳು ಕಾದು ತಮ್ಮಷ್ಟಕ್ಕೆ ಉಸಿರು ಬಿಡುತ್ತವೆ. ಮೊಮ್ಮಗಳು ಕೋಣೆ ಸೇರಿದಳು. ಹಿಂದಿನ ಹಗ್ಗದ ಬಟ್ಟೆ ಕಾಣದಂತೆ, ತನ್ನ ಮುಖವೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಮಂಜಾಗುವ ಹಾಗೆ ಕಂಪ್ಯೂಟರಿಗೆ ಹೇಳಿಟ್ಟಿದ್ದಳು.

ಅವಳ ಗಂಟಲು ಒಣಗಿದ್ದು ದನಿಯಲ್ಲೇ ತಿಳಿಯುತ್ತಿತ್ತು. ನಾನು ಒಂದು ಲೋಟ ಮಜ್ಜಿಗೆ ಹಿಡಿದು, ಸದ್ದಾಗದಂತೆ ಬರಿಗಾಲಲ್ಲಿ ಒಳಗೆ ಹೋಗಿ ಗೋಡೆಗೆ ಆತು ನಿಂತೆ. ಪರದೆಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು. ಇಬ್ಬರೂ ಕನ್ನಡದವರೇ.

"ಕ್ಲೋಷರ್ ಅಂದರೇನು? ಕಂಪ್ಯೂಟರ್ ಗೊತ್ತಿಲ್ಲದವರಿಗೆ ಹೇಳೋ ಹಾಗೆ ಹೇಳಿ" ಎಂದ ಆ ಗಂಡಸು. ನನ್ನ ನಾಲಿಗೆಯಿಂದ ಹಾರಿಹೋಗಿದ್ದ ಪದ ಇದೇ ನೋಡಿ.

ಮೊಮ್ಮಗಳು ಮೆಲ್ಲಗೆ ಶುರುಮಾಡಿದಳು.

"ನಮ್ಮಜ್ಜಿ ಹುಟ್ಟಿದ ಮನಿ ಕೊಳ್ಳೇಗಾಲದ ಕಡೆ ಇತ್ರಿ. ಈಗ ಇಲ್ಲ, ಕೆಡವ್ಯಾರ. ಹೊರಗಿನವರು ಯಾರೂ ಅದರೊಳಗ ಹೋಗಾಕ ಆಗಂಗಿಲ್ಲ. ಆದ್ರ ಆ ಮನಿ ಒಳಗಿದ್ದ ಬಾವಿ, ರಾಟಿ, ಅವರ ಅವ್ವನ ಹಾಡು, ಎಲ್ಲಾ ಅಜ್ಜಿ ತನ್ನ ಜೋಡಿ ಕಟ್ಟಿಕೊಂಡು ಬಂದಾಳ. ಒಂದು ಕೆಲಸ ಮಾಡೋ ಕೋಡಿನ ತುಣುಕಿಗೆ ಫಂಕ್ಷನ್ ಅಂತಾರ, ಅದೂ ಹಂಗ. ಹುಟ್ಟಿದ ಜಾಗ ಅಳಿಸಿಹೋದ್ರೂ ಅಲ್ಲಿ ಕಂಡಿದ್ದನ್ನ ಬಿಡಂಗಿಲ್ಲ. ಎಷ್ಟು ದೂರ ಇದ್ರೂ, ಯಾವಾಗ ಕರದ್ರೂ ತಗೊಂಡು ಬರ್ತದ. ಅದೇ ಕ್ಲೋಷರ್. ಈಗೂ ನಮ್ಮಜ್ಜಿನ್ನ ಕರದ್ರ..."

ನನ್ನ ಕಣ್ಣು ಮಂಜಾಗಿತ್ತು. ಆದರೆ ಕಿವಿ ಚೆನ್ನಾಗಿಯೇ ಇತ್ತು. ಅಜ್ಜಿಯನ್ನು ಕರೆದದ್ದು ಕೇಳಿಸಿತು. ಮುಂದೆ ಬಂದು ಅವಳ ಹೆಗಲ ಮೇಲೆ ಬಾಗಿ, "ಕರೆದ್ಯಾ ಪುಟ್ಟಿ?" ಎಂದೆ.

ಪರದೆಯಲ್ಲಿ ನನ್ನನ್ನು ನಾನೇ ಕಂಡೆ. ಮೈ ಇಲ್ಲ, ಸೀರೆ ಇಲ್ಲ. ಮಂಜಿನೊಳಗಿಂದ ಒಂದು ಮುದಿ ಮುಖ ಮೂಡುತ್ತದೆ, ಮಾಯವಾಗುತ್ತದೆ, ಮತ್ತೆ ಮೂಡುತ್ತದೆ. ಪಕ್ಕದಲ್ಲಿ ಕೈಯಿಲ್ಲದೆ ಒಂದು ಲೋಟ ತೇಲುತ್ತಿದೆ.

ಆ ಹೆಂಗಸು ಕುರ್ಚಿ ಹಿಂದಕ್ಕೆ ತಳ್ಳಿದಳು. ಗಂಡಸು ನಡುಗುವ ದನಿಯಲ್ಲಿ, "ನಿಮ್ಮಜ್ಜಿ... ತೀರಿಕೊಂಡು ಎಷ್ಟು ವರ್ಷ ಆಯ್ತು?" ಎಂದ.

ಅಷ್ಟರಲ್ಲಿ ಕರೆಂಟು ಹೋಯಿತು. ನೆಟ್ಟೂ ಹೋಯಿತು.

"ಮುಗೀತು ಅಜ್ಜಿ" ಎಂದು ಮೊಮ್ಮಗಳು ಕತ್ತಲೆ ಪರದೆಯ ಮುಂದೆ ತಲೆ ಇಟ್ಟು ಕೂತಳು. ಆ ವಾರ ಬೆಳಗಿನ ಜಾವ ಅವಳ ಕೋಣೆಯಿಂದ ಯಾವ ದನಿಯೂ ಬರಲಿಲ್ಲ. ಅದು ದೆವ್ವದ ದನಿಗಿಂತ ಹೆಚ್ಚು ಹೆದರಿಸಿತು. ಬೀಬಿ ಕೂಡ ಗೋಡೆ ತಟ್ಟಿ, "ಯಾಕ್ರಿ, ನಾನ್ ಎಲ್ಲಿ ಹೋತು?" ಎಂದು ವಿಚಾರಿಸಿದರು.

ನಿನ್ನೆ ಅವಳು ಕೂಗಿಕೊಂಡು ಹೊರಗೆ ಬಂದಳು. ಕೆಲಸ ಸಿಕ್ಕಿತ್ತು! ಕ್ಲೋಷರ್ ಬಗ್ಗೆ ಇಷ್ಟು ಮನಮುಟ್ಟುವ ಉತ್ತರ ಕೇಳಿರಲಿಲ್ಲ, ರಾಯಚೂರಿನಲ್ಲೇ ಇದ್ದು ಕೆಲಸ ಮಾಡಬಹುದು ಎಂದು ಬರೆದಿದ್ದರು. ಕೆಳಗೆ ಇನ್ನೊಂದು ಸಾಲು: 'ನಿಮ್ಮ ಅಜ್ಜಿಯವರು ಬದುಕಿದ್ದಾರೆಯೇ? ನಮ್ಮಲ್ಲಿ ಇಬ್ಬರಿಗೂ ಸರಿಯಾಗಿ ನಿದ್ದೆ ಬರುತ್ತಿಲ್ಲ. ದಯವಿಟ್ಟು ತಿಳಿಸಿ.'

"ಏನಂತ ಬರೀಲಿ ಅಜ್ಜಿ?"

"ಮೊದಲು ಆ ಪದ ದಪ್ಪಕ್ಷರದಲ್ಲಿ ಬರೆದುಕೊಡು. ಕ್ಲೋಷರ್. ಮತ್ತೆ ಮರೆತುಬಿಡ್ತೀನಿ. ಆಮೇಲೆ ಅವರಿಗೆ ಬರಿ, ಅಜ್ಜಿ ಇದ್ದಾಳೆ ಅಂತ."

ಅವಳು ಬರೆಯತೊಡಗಿದಳು. ನನಗೆ ಥಟ್ಟನೆ ಹೊಳೆಯಿತು.

"ಪುಟ್ಟಿ, ಪಕ್ಕದಲ್ಲಿ ಇವತ್ತಿನ ತಾರೀಖು ಹಾಕು. ನನ್ನ ವಯಸ್ಸಿನಲ್ಲಿ ಈ ಸುದ್ದಿ ಬೇಗ ಹಳತಾಗುತ್ತೆ."