ಮಾವನ ಪೋರ್ಚುಗಲ್ಲಿನ ಏಳನೆಯ ಪುಟ

ಪೋರ್ಚುಗಲ್ ದೇಶವನ್ನು ನನ್ನ ಸೋದರಮಾವನಷ್ಟು ಬಲ್ಲವರು ಪೋರ್ಚುಗಲ್ಲಿನಲ್ಲಿಯೂ ಇರಲಾರರು! ಇದು ನನ್ನ ಮಾತಲ್ಲ, ನೈರೋಬಿಯ ಕನ್ನಡಿಗರ ಸರ್ವಾನುಮತದ ತೀರ್ಮಾನ. ಅವರು ಆ ದೇಶದಲ್ಲಿ ಕಳೆದದ್ದು ಒಟ್ಟು ಏಳು ದಿನ ಎಂಬ ಸಣ್ಣ ಸಂಗತಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಯಾವುದೋ ಒಂದು ಜೂನ್ ತಿಂಗಳಿನಲ್ಲಿ, ಕಂಪನಿಯ ಪರವಾಗಿ, ಮಾತ್ರೆಗಳನ್ನು ಪ್ಯಾಕ್ ಮಾಡುವ ಯಂತ್ರವೊಂದನ್ನು ಪರೀಕ್ಷಿಸಲು ಹೋಗಿದ್ದರು. ಯಂತ್ರ ತಿರಸ್ಕೃತವಾಯಿತು. ದೇಶ ಅಂಗೀಕೃತವಾಯಿತು!

ಮಾವ ಇಲ್ಲಿನ ಔಷಧ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಮ್ಯಾನೇಜರು. ಅಲ್ಲಿ ಪ್ರತಿ ಕೆಲಸಕ್ಕೂ ಬರೆದಿಟ್ಟ ವಿಧಾನ, ಪ್ರತಿ ಕಾಗದಕ್ಕೂ ಸಂಖ್ಯೆ, ಪ್ರತಿ ಸಂಖ್ಯೆಗೂ ಸಹಿ. ಆ ಸೋಂಕು ನಾನೂ ವಾಸಿಸುವ ಅವರ ಸೌತ್ ಸಿ ಬಡಾವಣೆಯ ಮನೆಗೆ ಎಂದೋ ತಗುಲಿದೆ. ಅತ್ತೆಯ ಸಾರಿನಪುಡಿಯ ಡಬ್ಬಿಗೆ ಬ್ಯಾಚ್ ನಂಬರ್. ಉಪ್ಪಿನಕಾಯಿಯ ಜಾಡಿಗೆ ತೆರೆದ ದಿನಾಂಕ ಮತ್ತು ಸಹಿ. ಗೋಡೆಗೆ ಹೊಡೆದ ಮೊಳೆಯ ಪಕ್ಕದಲ್ಲಿಯೂ ಪೆನ್ಸಿಲಿನ ಸಹಿ! "ಸಹಿ ಇಲ್ದೆ ಮಾಡಿದ್ದು ಮಾಡಿದ ಹಾಗೇ ಅಲ್ಲ" ಎಂಬುದು ಅವರ ಸಿದ್ಧಾಂತ. ಮದುವೆಯಾದ ಹೊಸತರಲ್ಲಿ ತಾನು ಮಾಡಿದ ಮೊದಲ ಹೋಳಿಗೆಯನ್ನು ಅವರು 'ಷರತ್ತಿನ ಮೇರೆಗೆ ಅಂಗೀಕೃತ' ಎಂದು ಘೋಷಿಸಿದ್ದನ್ನು ಅತ್ತೆ ಇಂದಿಗೂ ಕ್ಷಮಿಸಿಲ್ಲ.

ಇಂಥವರು ಸಲಹೆ ಕೊಡಲು ಕುಳಿತರೆ ಅದು ಬಾಯಿಮಾತಿನ ಸಲಹೆಯಾಗಿ ಉಳಿದೀತೆ? ನೈರೋಬಿಯ ಅವಧಿ ಮುಗಿಸಿ ಪೋರ್ಚುಗಲ್ಲಿಗೆ ಹೊರಟ ಟೆಲಿಕಾಂ, ಬ್ಯಾಂಕ್ ಕುಟುಂಬಗಳಿಗೆಂದು ಮಾವ ಒಂದು ಕೈಪಿಡಿಯನ್ನೇ ರಚಿಸಿದರು. ಒಂದೊಂದು ಪ್ರತಿಗೂ ಕ್ರಮಸಂಖ್ಯೆ, ಪಡೆದವರ ಹೆಸರು ರಿಜಿಸ್ಟರಿನಲ್ಲಿ, ಕೊನೆಯ ಪುಟದಲ್ಲಿ ರಚಿಸಿದವರ ಸಹಿ. 'ಪರಿಶೀಲಿಸಿದವರು' ಎಂಬ ಜಾಗ ಮಾತ್ರ ಖಾಲಿ. ಪರಿಶೀಲಿಸುವಷ್ಟು ತಿಳಿದವರು ಇನ್ಯಾರಿದ್ದರು ಹೇಳಿ!

ಕೈಪಿಡಿಯಲ್ಲಿ ಹುರುಳಿರಲಿಲ್ಲವೆಂದು ಯಾರೂ ಹೇಳಲಾರರು. ಇಳಿದ ಕೂಡಲೇ ತೆರಿಗೆ ಸಂಖ್ಯೆ ಮಾಡಿಸಿರಿ, ಅದಿಲ್ಲದೆ ಮನೆ, ಬ್ಯಾಂಕ್ ಖಾತೆ ಯಾವುದೂ ಆಗದು. ಪ್ರತಿ ದಾಖಲೆಯ ಮೂರು ಪ್ರತಿ ಇರಲಿ, ಅವರು ಕೇಳುವುದು ನಾಲ್ಕನೆಯದನ್ನು. ಆಗಸ್ಟಿನಲ್ಲಿ ಕಚೇರಿಗಳ ಮೇಲೆ ಭರವಸೆ ಬೇಡ. ಹೋಟೆಲಿನಲ್ಲಿ ಕೇಳದೆ ತಂದಿಟ್ಟ ಬ್ರೆಡ್ಡು, ಆಲಿವ್ ಕಾಯಿಗಳನ್ನು ನಮ್ಮ ದರ್ಶಿನಿಯ ಚಟ್ನಿಯೆಂದು ಭಾವಿಸದಿರಿ, ಮುಟ್ಟಿದರೆ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಕಾಫಿಯನ್ನು ಬೈಟೂ ಕೇಳದಿರಿ, ಅವರು ಕೊಡುವ ಪೂರ್ತಿ ಲೋಟವೇ ನಮ್ಮ ಬೈಟೂವಿನ ಅರ್ಧ.

ವಾಹನವನ್ನು ರಸ್ತೆಯ ಬಲಗಡೆ ಓಡಿಸಬೇಕೆಂಬ ವಿಷಯಕ್ಕಂತೂ ಬರಹ ಸಾಲದೆ ಪ್ರಾಯೋಗಿಕ ತರಗತಿಯೇ ನಡೆಯುತ್ತಿತ್ತು. ಸ್ಪ್ರಿಂಗ್ ವ್ಯಾಲಿಯ ನಾಗೇಂದ್ರ ದಂಪತಿಗಳನ್ನು ಊರಾಚೆಯ ಕರೆನ್ ಬಡಾವಣೆಯ ಖಾಲಿ ಮೈದಾನವೊಂದಕ್ಕೆ ಕರೆದೊಯ್ದು ಒಂದು ಶನಿವಾರವಿಡೀ ಬಲಗಡೆ ಸುತ್ತಿಸಿದರು. ನಾಗೇಂದ್ರ ತೇರ್ಗಡೆಯಾದರು. ಅನಂತರ ಮಾವ ತಾವೇ ಸ್ಟೀರಿಂಗ್ ಹಿಡಿದು, ಪಾಠದ ಗುಂಗಿನಲ್ಲಿ ಮುಖ್ಯರಸ್ತೆಯಲ್ಲಿಯೂ ಬಲಗಡೆಗೇ ನುಗ್ಗಿ, ಎದುರಿಗೆ ಬಂದ ಮಟಾಟುವಿನ, ಅಂದರೆ ಇಲ್ಲಿನ ಬಾಡಿಗೆ ವ್ಯಾನಿನ, ಮೂಗಿಗೆ ಮೂಗು ತಾಗಿಸುವಷ್ಟರಲ್ಲಿ ನಿಂತರು. ಮಟಾಟುವಿನ ಕಂಡಕ್ಟರ್ ಬಾಗಿಲಿನಿಂದ ಜೋತು, ಯಜಮಾನರು ಹೊರಟಿರುವುದಾದರೂ ಎಲ್ಲಿಗೆ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದ. ಹಿಂದಿನ ಸೀಟಿನಲ್ಲಿದ್ದ ಅತ್ತೆ ಕಣ್ಣು ತೆರೆಯದೆಯೇ ಹೇಳಿದರು: "ಲಿಸ್ಬನ್."

ಇನ್ನು ಏಳನೆಯ ಪುಟ. ಅದರಲ್ಲಿದ್ದದ್ದು ಇಷ್ಟೇ: 'ಹವೆ: ದಕ್ಷಿಣ ಯೂರೋಪಾದ್ದರಿಂದ ಮೈಸೂರಿನಂತೆ. ಕಂಬಳಿ, ರಜಾಯಿಗಳನ್ನು ಹೊತ್ತು ವಿಮಾನದ ತೂಕ ಕೆಡಿಸಿಕೊಳ್ಳಬೇಡಿ.'

ಜನವರಿಯಲ್ಲಿ ಗೆಳತಿ ರಶ್ಮಿ ಅಲ್ಲಿಂದ ಫೋನ್ ಮಾಡಿದಳು. ಗಂಡ ಮತ್ತು ಅತ್ತೆಯೊಂದಿಗೆ ಅಕ್ಟೋಬರಿನಲ್ಲಿ ಇಲ್ಲಿಂದ ಹೋದವಳು. ಬೀದಿಗಿಂತ ಮನೆಯೊಳಗೇ ಹೆಚ್ಚು ಚಳಿಯಂತೆ. ಗೋಡೆಗಳಿಂದ ನೀರು ಜಿನುಗಿ ಬೀರುವಿನ ಹಿಂದೆ ಬೂಷ್ಟು ಹಿಡಿದಿದೆ. ಕೊಠಡಿ ಬೆಚ್ಚಗಿಡುವ ಏರ್ಪಾಡೇ ಆ ಕಟ್ಟಡದಲ್ಲಿಲ್ಲ. ಕಂಬಳಿಗಳನ್ನೆಲ್ಲ ನೈರೋಬಿಯಲ್ಲೇ ಹಂಚಿ ಹೋಗಿದ್ದರಿಂದ ಮೊದಲ ವಾರಗಳನ್ನು ಸೀರೆ ಹೊದ್ದು ಕಳೆದರು. ಅವಳ ಅತ್ತೆ ಎದೆಯಲ್ಲಿ ಕಫ ಕಟ್ಟಿ, ಉಸಿರಾಡಲಾಗದೆ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಬಂದರು. ಇಷ್ಟನ್ನೂ ಹೇಳಿ ರಶ್ಮಿ ಕೊನೆಗೆ ಸೇರಿಸಿದ್ದು: "ಅಂಕಲ್‌ಗೆ ಮಾತ್ರ ಹೇಳ್ಬೇಡ ಕಣೆ. ಪಾಪ, ಬೇಜಾರು ಮಾಡ್ಕೋತಾರೆ."

ಇಲ್ಲಿ ನನ್ನ ರಕ್ತ ಕುದಿಯಿತು. ನಾನು ಕಾನೂನು ಓದಿದವಳು. ಹೊಣೆ ಹೊರಬೇಕಾದವರಿಗೆ ಬೇಜಾರಾಗುತ್ತದೆಂದು ಉಳಿದವರೆಲ್ಲ ಬಾಯಿ ಮುಚ್ಚಿಕೊಳ್ಳುವ ಈ ಸೌಜನ್ಯವನ್ನು ನಾವು ಎಲ್ಲಿಂದ ಕಲಿತೆವು? ಮಂತ್ರಿಯ ತಪ್ಪನ್ನು ಬೀದಿಯಲ್ಲಿ ನಿಂತು ಕೇಳುವ ನಾನು ಮಾವನ ತಪ್ಪನ್ನು ಊಟದ ಮೇಜಿನಲ್ಲಿ ನುಂಗಿಕೊಳ್ಳಬೇಕೆ? ಅದೂ ಹತ್ತು ದಿನಗಳಲ್ಲಿ ನಾಗೇಂದ್ರರ ಕುಟುಂಬ ಎರಡು ವರ್ಷದ ಮಗುವಿನೊಂದಿಗೆ ಅದೇ ಚಳಿಗೆ ಹೊರಟಿರುವಾಗ! ಅವರೂ ಆಗಲೇ ಕಂಬಳಿ ಹಂಚಲು ಆರಂಭಿಸಿದ್ದರು. ಏಳನೆಯ ಪುಟವನ್ನು ಮಾವನಿಂದಲೇ ಹಿಂಪಡೆಯಿಸದೆ ಬಿಡುವುದಿಲ್ಲವೆಂದು ನಿಶ್ಚಯಿಸಿದೆ.

ನನ್ನ ಕೈಯಲ್ಲಿ ಇನ್ನೊಂದು ಸಾಕ್ಷ್ಯವೂ ಇತ್ತು. ಮಾವ ನೈರೋಬಿಗೆ ಮೊದಲು ಬಂದಾಗ, ಆಫ್ರಿಕಾ ಎಂದರೆ ಸೆಕೆ ಎಂಬ ಬಂಧುಗಳ ಮಾತು ನಂಬಿ ಸ್ವೆಟರನ್ನು ಮೈಸೂರಿನಲ್ಲೇ ಬಿಟ್ಟಿದ್ದರು. ಇಲ್ಲಿನ ಜುಲೈ ಚಳಿಗೆ ಎರಡು ಪಂಚೆ, ಒಂದು ಟವೆಲ್, ಕೊನೆಗೆ ಕಿಟಕಿಯ ಪರದೆಯನ್ನೂ ಹೊದ್ದು ಮಲಗಿದ ಕಥೆಯನ್ನು ಅವರೇ ನೂರು ಬಾರಿ ಹೇಳಿ ನಗಿಸಿದ್ದಾರೆ. ಆ ಚಳಿ ಉಂಡವರೇ ಬೇರೆಯವರಿಗೆ ಇದನ್ನು ಬಡಿಸುವುದೇ?

ಭಾನುವಾರ ಬೆಳಗ್ಗೆ ದೋಸೆಯ ಮುಂದೆ ವಿಷಯವನ್ನಿಟ್ಟೆ. ಮಾವ ಕದಲಲಿಲ್ಲ.

"ಅವರು ಹಿಡಿದ ಮನೆ ಸರಿ ಇಲ್ಲ ಕಣಮ್ಮ. ದೇಶ ಏನು ಮಾಡತ್ತೆ?"

"ಮಾವ, ಒಂದು ಮಾತ್ರೇನ ಜೂನ್‌ನಲ್ಲಿ ಏಳು ದಿನ ಇಟ್ಟು ನೋಡಿ, ವರ್ಷಪೂರ್ತಿ ಕೆಡಲ್ಲ ಅಂತ ಸಹಿ ಹಾಕ್ತೀರಾ?"

ಚಟ್ನಿಯತ್ತ ಹೊರಟಿದ್ದ ಅವರ ದೋಸೆಯ ತುಂಡು ದಾರಿಯಲ್ಲೇ ನಿಂತಿತು.

"ಮಾತ್ರೆ ಹಾಗಿರ್ಲಿ, ನನ್ನ ಸಾರಿನಪುಡಿಗೂ ಹಾಕಲ್ಲ" ಎಂದರು ಅತ್ತೆ, ಇನ್ನೊಂದು ದೋಸೆ ಬಡಿಸುತ್ತ.

ಮಾವ ತಟ್ಟೆ ಬಿಟ್ಟು ಎದ್ದು ಕೋಣೆ ಸೇರಿದರು. ಮಧ್ಯಾಹ್ನದ ಊಟಕ್ಕೂ ಬರಲಿಲ್ಲ. ಗೆದ್ದೆನೆಂಬ ಹೆಮ್ಮೆ ನನಗೆ ಒಂದು ಗಂಟೆಯಷ್ಟು ಬಾಳಿಕೆ ಬಂತು. ಅನಂತರ ಅದಕ್ಕೂ ಬೂಷ್ಟು ಹಿಡಿಯತೊಡಗಿತು.

ಸಂಜೆ ಹೊರಬಂದವರ ಕೈಯಲ್ಲಿ ಒಂದು ಹಾಳೆಯಿತ್ತು. ಕಾರ್ಖಾನೆಯಲ್ಲಿ ತಪ್ಪು ನಡೆದಾಗ ತುಂಬುವ ನಮೂನೆ. 'ಮನುಷ್ಯಸಹಜ ತಪ್ಪು' ಎಂದು ಬರೆದು ಪಾರಾಗಲು ಅಲ್ಲಿ ಯಾರಿಗೂ ಅವರು ಬಿಡುವುದಿಲ್ಲ. ಕಾರಣ ಸಿಗುವವರೆಗೆ 'ಏಕೆ' ಎಂದು ಕೇಳುತ್ತಲೇ ಇರಬೇಕು. ತಮ್ಮನ್ನೂ ಬಿಟ್ಟಿರಲಿಲ್ಲ. ಹವೆಯ ಮಾಹಿತಿ ತಪ್ಪಾದದ್ದು ಏಕೆ? ಚಳಿಗಾಲದಲ್ಲಿ ಅಲ್ಲಿದ್ದವರನ್ನು ವಿಚಾರಿಸಲಿಲ್ಲ. ಏಕೆ? ವಿಚಾರಿಸಿದರೆ ತನಗೆ ಗೊತ್ತಿಲ್ಲವೆಂದು ತಿಳಿಯುತ್ತಿತ್ತು. ತಿಳಿದರೇನು? ಕಡೆಯ ಸಾಲನ್ನು ಸಣ್ಣ ಅಕ್ಷರದಲ್ಲಿ ಬರೆದಿದ್ದರು: 'ಜನ ತಲೆದೂಗುವುದು ಬರೆದವನಿಗೆ ಹಿತವಾಗಿತ್ತು.' ಕೆಳಗೆ ಸಹಿ.

"ಕೆಟ್ಟ ಬ್ಯಾಚ್ ಮಾರ್ಕೆಟ್‌ಗೆ ಹೋದ್ರೆ ಒಂದೊಂದನ್ನೂ ವಾಪಸ್ ತರಿಸ್ಬೇಕು" ಎಂದರು. "ಫೋನ್ ಮಾಡ್ತೀನಿ. ನೀನು ಪಕ್ಕದಲ್ಲಿರು."

ರಿಜಿಸ್ಟರಿನಲ್ಲಿ ಇಪ್ಪತ್ತಮೂರು ಪ್ರತಿಗಳು. ಕೊನೆಯವರಾದ ನಾಗೇಂದ್ರರಿಂದ ಆರಂಭಿಸಿ ಹಿಂದಕ್ಕೆ ಬಂದೆವು. ಎಲ್ಲರಿಗೂ ಒಂದೇ ಮಾತು: ಏಳನೆಯ ಪುಟ ತಪ್ಪು, ಹರಿದುಹಾಕಿ, ತಪ್ಪು ನನ್ನದು. ಒಬ್ಬರು ಕೈಪಿಡಿಯನ್ನು ತೆರೆದೇ ಇರಲಿಲ್ಲ, ಅದು ಕುಂಟುವ ಮೇಜಿನ ಕಾಲಿಗೆ ಆಸರೆಯಾಗಿತ್ತು. ಇನ್ನೊಬ್ಬರು ಮನಸ್ಸು ಬದಲಿಸಿ ಕೆನಡಾಕ್ಕೆ ಹೋಗಿದ್ದರು, ಏಳನೆಯ ಪುಟವನ್ನು ನಂಬಿಕೊಂಡೇ! ರಶ್ಮಿಯ ಮನೆಯಲ್ಲಿ ಅವಳ ಅತ್ತೆಯೇ ಫೋನ್ ತೆಗೆದುಕೊಂಡರು. ಮಾವ ಎದ್ದು ನಿಂತು ಮಾತಾಡಿದರು. "ಆಗಿದ್ದಾಯ್ತು ಬಿಡಿ ಇವರೇ. ಇನ್ನೊಬ್ರಿಗೆ ಆಗೋದು ಬೇಡ" ಎಂದರು ಆ ಹಿರಿಯರು. ಫೋನ್ ಇಟ್ಟ ಮೇಲೆಯೇ ಮಾವ ಕೂತು ಆ ಪ್ರತಿಯ ಮುಂದೆ ಗುರುತು ಹಾಕಿದರು. ಮರುದಿನ ನಮ್ಮ ಮನೆಯ ದಪ್ಪ ಕಂಬಳಿಗಳೆರಡು ಸ್ಪ್ರಿಂಗ್ ವ್ಯಾಲಿಗೆ ಹೋದವು, ಸ್ವೀಕೃತಿಗೆ ಸಹಿ ಪಡೆದು.

ವಾರದ ಕೊನೆಗೆ ರಿಜಿಸ್ಟರ್ ನೋಡಿದೆ. ಇಪ್ಪತ್ತೆರಡು ಪ್ರತಿಗಳ ಮುಂದೆ ಗುರುತು ಬಿದ್ದಿತ್ತು. ಪ್ರತಿ ಸಂಖ್ಯೆ ಒಂದರ ಮುಂದೆ ಮಾತ್ರ ಗುರುತೂ ಇಲ್ಲ, ಪಡೆದವರ ಹೆಸರೂ ಇಲ್ಲ. ವಕೀಲೆ ಬಿಟ್ಟಾಳೆಯೇ? ಅದೆಲ್ಲಿ ಎಂದು ಪಟ್ಟು ಹಿಡಿದೆ.

"ನಿನ್ನ ಹತ್ರಾನೇ ಇದೆಯಲ್ಲ" ಎಂದರು ಮಾವ.

ನನ್ನ ಸರ್ಟಿಫಿಕೇಟುಗಳ ಫೈಲಿನ ತಳದಲ್ಲಿ ಅದು ಸಿಕ್ಕಿತು. ಮೂರು ವರ್ಷದ ಹಿಂದೆ ಇಲ್ಲಿ ಕೆಲಸ ಸಿಕ್ಕಿ ನಾನು ಹೊರಡುವಾಗ ಮಾವ ಬೆಂಗಳೂರಿಗೆ ಕಳಿಸಿದ್ದ ಒಂದೇ ಹಾಳೆ. ಪೋರ್ಚುಗಲ್ಲಿನದಲ್ಲ, ನೈರೋಬಿಯದು. ಮಾವನ ಸಲಹೆಗಳ ರಿಜಿಸ್ಟರ್ ಆರಂಭವಾದದ್ದೇ ಅದರಿಂದ. 'ಆಫ್ರಿಕಾ ಅಂದರೆ ಸೆಕೆ ಎಂದು ಯಾರಾದರೂ ಹೇಳಿದರೆ ನಂಬಬೇಡ. ನಾನು ನಂಬಿ ನಡುಗಿದ್ದೇನೆ. ಸ್ವೆಟರ್ ತಾ. ಎರಡು ತಾ.' ಮೂಲೆಯಲ್ಲಿ ಪ್ರತಿ ಸಂಖ್ಯೆ, ಕೆಳಗೆ ಸಹಿ.

ಹಾಳೆ ಹಿಡಿದು ಹೊರಬರುವಷ್ಟರಲ್ಲಿ ಮಾವ ರಿಜಿಸ್ಟರಿನಲ್ಲಿ ಬರೆದು ಮುಗಿಸಿದ್ದರು: 'ಹಿಂಪಡೆಯುವ ಅಗತ್ಯವಿಲ್ಲ.'

"ಎರಡು ತಂದಿದ್ಯಾ ಆವಾಗ?" ಎಂದು ತಲೆಯೆತ್ತದೆ ಕೇಳಿದರು.

"ಒಂದೇ ತಂದಿದ್ದೆ ಮಾವ."

"ಗೊತ್ತು."

ಆ ಜುಲೈ ತಿಂಗಳಿನಲ್ಲಿ ನನ್ನ ಮಂಚದ ಮೇಲೆ ಕಂಡ ಹೊಸ ಕಂದು ಸ್ವೆಟರನ್ನು ಅತ್ತೆ ತಂದಿಟ್ಟದ್ದೆಂದೇ ಇಷ್ಟು ದಿನ ತಿಳಿದಿದ್ದೆ. ಅಡುಗೆಮನೆಯ ಕಡೆ ನೋಡಿದೆ. ಅತ್ತೆ ತಾನಲ್ಲವೆಂದು ತಲೆಯಾಡಿಸಿ, ಕಣ್ಣಿನಲ್ಲೇ ಮಾವನತ್ತ ತೋರಿಸಿದರು. ಉಪ್ಪಿನಕಾಯಿಗೂ ಮೊಳೆಗೂ ಸಹಿ ಹಾಕುವ ಮನುಷ್ಯ ಆ ಒಂದಕ್ಕೆ ಮಾತ್ರ ಸಹಿ ಹಾಕಿರಲಿಲ್ಲ.